ಸರಸಮ್ಮನ ರೂಮು

ದೆವ್ವದ ಮಾತು ಯಾರಾದರೂ ತೆಗೆದರೆ ಎದ್ದುಹೋಗುತ್ತಿದ್ದವಳು ನಾನು. ಬೈರಕೂರಿನ ನಮ್ಮ ಮನೆಯಲ್ಲಿ ಅಂಥ ಕಥೆಗಳಿಗೆ ಬರವಿರಲಿಲ್ಲ, ಆದರೆ ಒಂದನ್ನೂ ನಾನು ನಂಬಿರಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಮಾಲೂರಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ನಡೆದದ್ದನ್ನು ಇಲ್ಲವೆನ್ನಲೂ ಆಗುತ್ತಿಲ್ಲ.

ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಾಗ ಹತ್ತಿರದಲ್ಲೇ ಒಂದು ಪುಟ್ಟ ರೂಮು ಹಿಡಿದಿದ್ದೆ. ಇಡೀ ಕಟ್ಟಡವನ್ನು ಗೂಡು ಗೂಡಾಗಿ ಮಾಡಿ 'ಮಿನಿ ಅಪಾರ್ಟ್‌ಮೆಂಟ್' ಎಂದು ಬೋರ್ಡು ಹಾಕಿದ್ದರು. ಮಂಚವನ್ನು ಗೋಡೆಗೆ ಮಡಚಿದರೆ ಅಡುಗೆಗೆ ಜಾಗ, ಇಳಿಸಿದರೆ ನಿದ್ದೆಗೆ. ಆದರೂ ನನ್ನಂಥವಳ ಕೈಗೆಟಕುವ ಬಾಡಿಗೆ, ಬಾಗಿಲಿಗೆ ನನ್ನದೇ ಬೀಗ. ಸುಖವಾಗಿಯೇ ಇದ್ದೆ.

ಪಕ್ಕದ ರೂಮಿನಲ್ಲಿ ಗೌನಿಪಲ್ಲಿ ಕಡೆಯ ಸರಸಮ್ಮ ಇದ್ದರು. ಒಂಟಿ ಹೆಂಗಸು, ಮಾವಿನ ರಸದ ಫ್ಯಾಕ್ಟರಿಯಲ್ಲಿ ಕೆಲಸ. ದಮ್ಮಿನ ಕಾಯಿಲೆ ಇತ್ತು. ಅವರ ಕೆಮ್ಮು ಕೊನೆಯಲ್ಲಿ ಸಣ್ಣ ಸಿಳ್ಳೆಯಂತೆ ಎಳೆಯುತ್ತಿತ್ತು. ತೆಳು ಗೋಡೆಯಾದ್ದರಿಂದ ನನಗೆ ಅದು ಚೆನ್ನಾಗಿ ಪರಿಚಯ.

ಓನರ್ ನಾಗರಾಜಪ್ಪ ಹಿಂದುಗಡೆ ಇನ್ನೊಂದು ಸಾಲು ರೂಮು ಕಟ್ಟಲು ಹೊರಟು, ಆ ಕಡೆಯ ಕಿಟಕಿಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಿಸಿದ. ಮೂಲೆಯ ರೂಮಾದ್ದರಿಂದ ನನ್ನ ಕಿಟಕಿ ಉಳಿಯಿತು. ಸರಸಮ್ಮನದು ಹೋಯಿತು.

"ಅಣ್ಣಾ, ನಂಗೆ ದಮ್ಮು. ಅದೊಂದು ಕಿಟಕಿ ಬಿಟ್ಬಿಡಿ, ಮೀಕು ಪುಣ್ಯಮುಂಟುಂದಿ, ನಿಮ್ಗೆ ಪುಣ್ಯ ಬರ್ತದೆ" ಎಂದು ನನ್ನೆದುರೇ ಕೈ ಮುಗಿದರು.

"ಈ ಬಾಡಿಗೆಗೆ ಗಾಳಿ ಬೇರೆ ಬೇಕೇನಮ್ಮ? ಆಗ್ದಿದ್ರೆ ಖಾಲಿ ಮಾಡು" ಎಂದ ಆತ.

ಆ ಬೇಸಿಗೆಯಲ್ಲೇ ಸರಸಮ್ಮ ತೀರಿಕೊಂಡರು. ಬೆಳಿಗ್ಗೆ ಕೂಗಿದರೆ ಓಗೊಡಲಿಲ್ಲವೆಂದು ನಾವೇ ಬಾಗಿಲಿನ ಚಿಲಕ ಮುರಿದು ಒಳಗೆ ಹೋದೆವು. ಮುಚ್ಚಿದ ಕಿಟಕಿಯ ಕಡೆಗೇ ಮುಖ ಮಾಡಿ ಬಿದ್ದಿದ್ದರು. ನಾಗರಾಜಪ್ಪ ಬಂದು ನೋಡಿ, ಹೆಣ ಇನ್ನೂ ಅಲ್ಲಿರುವಾಗಲೇ ಸುಣ್ಣ ಹೊಡೆಯುವವನಿಗೆ ಫೋನ್ ಮಾಡಿದ. ನಾಗರಾಜಪ್ಪನೂ ಹೀಗೇ ಉಸಿರಿಗೆ ಬಾಯಿ ಬಿಡಬೇಕು, ಅದನ್ನು ನಾನು ನೋಡಬೇಕು ಎಂದು ಅವತ್ತಿನಿಂದ ದಿನಾ ಬಯಸಿದೆ. ದೇವರ ಮುಂದೆ ಕೈ ಮುಗಿದಾಗಲೂ ಬೇಡಿದ್ದು ಅದನ್ನೇ.

ಕೆಲವೇ ದಿನಗಳಲ್ಲಿ ಮುಳಬಾಗಿಲಿನಿಂದ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಆ ರೂಮು ನೋಡಲು ಬಂದರು. ಸಾವಿನ ವಿಷಯ ಅವರಿಗೆ ಹೇಳಿರಲಿಲ್ಲ. ಲೈಟು ಹಾಕಲೆಂದು ನಾಗರಾಜಪ್ಪ ಮೊದಲು ಒಳಗೆ ಹೋದ. ಅವನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಮುರಿದ ಚಿಲಕವನ್ನು ಇನ್ನೂ ಹಾಕಿಸಿರಲಿಲ್ಲ. ಒಳಗಿನಿಂದ ಭದ್ರ ಮಾಡಲು ಏನೂ ಇರಲಿಲ್ಲ. ಆದರೂ ಬಾಗಿಲು ತೆರೆಯಲಿಲ್ಲ. ಆ ಹುಡುಗ ಭುಜ ಕೊಟ್ಟು ನೂಕಿದ, ಕೆಳಗಿನ ಮನೆಯವರೂ ಓಡಿಬಂದು ನೂಕಿದರು. ಒಳಗೆ ಬಡಿಯುವ ಸದ್ದು, ಆಮೇಲೆ ಗೋಡೆ ಪರಚುವ ಸದ್ದು. "ಉಸಿರು... ಉಸಿರು ಕಟ್ತೈತೆ" ಎಂದ ನಾಗರಾಜಪ್ಪ. ನಾನು ನನ್ನ ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ.

ಆಗ ಆ ಹೊಸ ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು: "ಅಕ್ಕ, ಒಳಗೆ ಇನ್ಯಾರೋ ಹೆಂಗಸು ಇದಾರಾ? ಕೆಮ್ತಾ ಇದಾರೆ. ಸಿಳ್ಳೆ ಹೊಡ್ದಂಗೆ."

ನನಗೆ ಕೆಮ್ಮು ಕೇಳಿಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ, ಎಲ್ಲರೂ ಕೈಬಿಟ್ಟು ನಿಂತಿರುವಾಗ, ಬಾಗಿಲು ತಾನೇ ಸರಿಯಿತು. ನಾಗರಾಜಪ್ಪ ಮುಚ್ಚಿದ ಕಿಟಕಿಯ ಕೆಳಗೆ ಕುಸಿದಿದ್ದ. ತುಟಿ ನೀಲಿಯಾಗಿತ್ತು, ಹೊಸ ಸುಣ್ಣದ ಮೇಲೆಲ್ಲ ಅವನ ಬೆರಳಿನ ರಕ್ತ. ಬದುಕಿಕೊಂಡ. ಮತ್ತೆ ಆ ಕಟ್ಟಡದ ಮೆಟ್ಟಿಲು ಹತ್ತಲಿಲ್ಲ. ಮುಚ್ಚಿಸಿದ್ದ ಕಿಟಕಿಗಳನ್ನೆಲ್ಲ ಆಳು ಕಳಿಸಿ ಒಡೆಸಿದ.

ಸೆಕೆಗೆ ಬಾಗಿಲ ಮರ ಉಬ್ಬಿರಬಹುದು, ಹೆದರಿಕೆಗೆ ಅವನಿಗೆ ಉಸಿರು ಕಟ್ಟಿರಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಸರಸಮ್ಮನನ್ನು ಕಂಡೇ ಇರದ ಹುಡುಗಿಗೆ ಕೇಳಿಸಿದ ಕೆಮ್ಮು ಯಾರದು ಎಂಬುದಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಗೊತ್ತಿರುವುದು ಒಂದೇ. ಬಾಗಿಲು ತೆರೆದಾಗ ಉಳಿದವರೆಲ್ಲ ನಿಟ್ಟುಸಿರು ಬಿಟ್ಟರು. ಇಷ್ಟು ಬೇಗ ತೆರೆಯಿತಲ್ಲ ಎಂದು ನನಗೆ ಬೇಸರವಾಯಿತು.