ಅತ್ತಿಗೆ ಕೊಟ್ಟ ಮೂರು ಅಂಕ

ನಮ್ಮ ಅತ್ತಿಗೆಯ ಮೂಗಿನಿಂದ ಮನೆಮಂದಿಯೆಲ್ಲ ರೋಸಿಹೋಗಿದ್ದೆವು. ಅಮ್ಮ ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಅಣ್ಣ ಗಡ್ಡ ಬೋಳಿಸಿಕೊಂಡು ಸೆಂಟು ಹಾಕಿಕೊಳ್ಳುವಂತಿಲ್ಲ, ಬೆಳಗ್ಗೆ ಈರುಳ್ಳಿ ಹೆಚ್ಚುವ ಮಾತೇ ಇಲ್ಲ. ಯಾಕೆಂದರೆ ಹನ್ನೊಂದು ಗಂಟೆಗೆ ಅತ್ತಿಗೆ ಬಿಯರ್ ಮೂಸಬೇಕು. "ಲೋಕದಲ್ಲಿ ಕುಡಿಯೋರಿಂದ ಮನೆಯೋರಿಗೆ ಕಷ್ಟ. ನಮಗೆ ಮೂಸೋರಿಂದ!" ಎಂದು ಅಮ್ಮ ಗೊಣಗುತ್ತಿದ್ದಳು. ಹಾಗೆಂದು ಅತ್ತಿಗೆ ಮನೆಯಲ್ಲಿ ಒಂದು ತೊಟ್ಟೂ ಮುಟ್ಟಿದವರಲ್ಲ. ಅದು ಅವರ ಕೆಲಸ, ಅಷ್ಟೆ. ಹದಿನಾರು ವರ್ಷದ ಕೆಲಸ.

ಅತ್ತಿಗೆಯೂ ನಾನೂ ಕೆಲಸಕ್ಕಿರುವುದು ಊರಂಚಿನ ಸಣ್ಣ ಬ್ರೂವರಿಯಲ್ಲಿ, ಅಂದರೆ ಬಿಯರ್ ಕಾರ್ಖಾನೆಯಲ್ಲಿ. ಅಲ್ಲಿನ ಹೆಸರುವಾಸಿ ಮಾಲು ಎಂಟೂವರೆ ಪರ್ಸೆಂಟಿನ ಗಡಸು ಬಿಯರ್. ಹಾಪ್ಸ್ ಎಂಬ ಕಹಿ ಹೂವನ್ನು ಅದಕ್ಕೆ ಧಾರಾಳವಾಗಿ ಸುರಿಯುತ್ತಾರೆ. ಸರಿಯಾಗಿದ್ದರೆ ಲೋಟದ ಮುಚ್ಚಳ ತೆಗೆದ ಕೂಡಲೇ ಕಿತ್ತಳೆ ಸಿಪ್ಪೆಯ, ಆಗತಾನೆ ಕೊಯ್ದ ಹುಲ್ಲಿನ ವಾಸನೆ ಮೂಗಿಗೆ ರಪ್ಪನೆ ಬಡಿಯಬೇಕು. ಐದು ಜನ ರುಚಿಗಾರರು, ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣದಂತೆ ಐದು ಹಲಗೆಗೂಡು. ಬಣ್ಣ ನೋಡಿ ಮೋಸಹೋಗದಿರಲೆಂದು ತಲೆಯ ಮೇಲೆ ಕೆಂಪು ಬಲ್ಬು. ಮೂಸಬೇಕು, ಗುಟುಕರಿಸಬೇಕು, ನುಂಗಬೇಕು; ಉಗುಳಿದರೆ ಆಗದು, ಕಹಿ ತಿಳಿಯುವುದು ನಾಲಿಗೆಯ ಬುಡದಲ್ಲಿ. ಆಮೇಲೆ ಒಂದು ಚೂರು ಸಪ್ಪೆ ಬ್ರೆಡ್ಡು, ಬೆಚ್ಚಗಿನ ನೀರು, ಮುಂದಿನ ಲೋಟ. ದಿನಕ್ಕೆ ಆರೇ ಲೋಟ, ಅದಕ್ಕಿಂತ ಹೆಚ್ಚಾದರೆ ನಾಲಿಗೆ ಮರಗಟ್ಟುತ್ತದೆ.

ಲೋಟಕ್ಕೆ ಸುರಿಯುವವನು ನಾನು. ಹತ್ತಕ್ಕೆ ಎಷ್ಟೆಂದು ಅವರು ಬರೆದ ಹಾಳೆಗಳನ್ನು ಒಟ್ಟುಮಾಡಿ, ಉಳಿದವರಿಂದ ತೀರಾ ದೂರವಿರುವ ಅಂಕವನ್ನು ಕೆಂಪು ಗೆರೆ ಎಳೆದು ಲೆಕ್ಕದಿಂದ ತೆಗೆಯುವವನೂ ನಾನೇ. ಈ ಕೆಲಸ ಕೊಡಿಸಿದ್ದು ಅತ್ತಿಗೆ. ಹಾಗಾಗಿ ಅವರ ಪರ ನಾನು ಬಾಯಿ ತೆರೆಯುವಂತಿಲ್ಲ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಚೆನ್ನಾಗಿ ನನಗೆ.

ಎಡವಟ್ಟು ಶುರುವಾದದ್ದು ಮಾದರಿ ಬಾಟಲಿಯಿಂದ. ದಿನವೂ ಕೂರುವ ಮೊದಲು ಐವರೂ ಅದನ್ನು ಮೂಸುತ್ತಾರೆ. ಹತ್ತಕ್ಕೆ ಹತ್ತು ಎಂದರೆ ಹೀಗಿರಬೇಕು ಎಂದು ಮೂಗಿಗೆ ನೆನಪು ಮಾಡಿಕೊಡುವುದು ಅದು. ಆರು ವಾರಕ್ಕೊಮ್ಮೆ ಅದನ್ನು ಬದಲಿಸಬೇಕು. ಆದರೆ ಬಿಯರ್ ತಯಾರಿಸುವ ನಮ್ಮ ಬ್ರೂವರ್‌ಗೆ ಬಹುಮಾನ ತಂದುಕೊಟ್ಟ ಮಾಲಿನ ನಾಲ್ಕು ಪೆಟ್ಟಿಗೆ ಫ್ರಿಜ್ಜಿನಲ್ಲಿದ್ದವು. "ಇದು ಗಡಸು ಮಾಲು ಕಣ್ರೀ, ಹತ್ತು ವರ್ಷ ಇಟ್ರೂ ಏನೂ ಆಗಲ್ಲ" ಎಂದು ಅದನ್ನೇ ಮಾದರಿ ಮಾಡಿದ. ಅಮಲು ಹೋಗುವುದಿಲ್ಲ, ನಿಜ. ಮೊದಲು ಹೋಗುವುದು ಹಾಪ್ಸ್ ವಾಸನೆ, ಅದೂ ದಿನಕ್ಕಿಷ್ಟಿಷ್ಟು. ದಿನಾ ಮೂಸುವವರಿಗೆ ಅದು ಹೇಗೆ ಗೊತ್ತಾಗಬೇಕು?

ಅತ್ತಿಗೆಗೆ ಗೊತ್ತಾಯಿತು. ಕಾಲು ಮುರಿದುಕೊಂಡು ಐದು ತಿಂಗಳು ಮನೆಯಲ್ಲಿದ್ದವರು ಮೊದಲ ದಿನವೇ ಮಾದರಿಯ ಲೋಟ ಮೂಸಿ ಮುಖ ಕಿವಿಚಿದರು. "ಇದೇನ್ರೀ, ನೆನೆದ ರಟ್ಟಿನ ವಾಸನೆ!" ಉಳಿದ ನಾಲ್ವರು ನಕ್ಕರು. ಅಂದು ಹೊಸ ಮಾಲು ಮಾದರಿಯ ಹಾಗಿಲ್ಲವೆಂದು ಅವರೆಲ್ಲ ಐದು ಕೊಟ್ಟರು, ಅತ್ತಿಗೆ ಒಂಬತ್ತು. ನಾನು ಒಂಬತ್ತರ ಮೇಲೆ ಗೆರೆ ಎಳೆದೆ. ಮರುದಿನವೂ ಎಳೆದೆ. ಮೂರು ವಾರ ಎಳೆದೆ. ಇತ್ತ ಬ್ರೂವರ್ ಐದು ಅಂಕ ನೋಡಿ ಗಾಬರಿಯಾಗಿ ಹಾಪ್ಸ್ ಕಡಿಮೆ ಮಾಡತೊಡಗಿದ. ಹಳಸಿದ್ದಕ್ಕೆ ಸರಿಹೊಂದಲೆಂದು ಹೊಸದನ್ನು ಕೆಡಿಸುವ ಈ ಬುದ್ಧಿವಂತಿಕೆಯನ್ನು ಈಗ ನೆನೆದರೆ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಆಗ ನಾನು ಗೆರೆ ಎಳೆಯುತ್ತಲೇ ಇದ್ದೆ.

ಮೂರು ವಾರ ಸತತವಾಗಿ ಅಂಕ ಲೆಕ್ಕಕ್ಕೆ ಬಾರದವರಿಗೆ ಪರೀಕ್ಷೆ. ಆರು ಲೋಟದಲ್ಲಿ ಒಂದು ಮಾದರಿಯದು, ಯಾವುದೆಂದು ಹೇಳುವುದಿಲ್ಲ. ಅದಕ್ಕೆ ಎಂಟಕ್ಕಿಂತ ಕಡಿಮೆ ಕೊಟ್ಟರೆ ಕುರ್ಚಿ ಬಿಟ್ಟು ಲೇಬಲ್ ಅಂಟಿಸಲು ಹೋಗಬೇಕು.

ಹಿಂದಿನ ಸಂಜೆ ಮನೆಯಲ್ಲಿ ಅದೇ ಮಾತು. "ಅದ್ಯಾವ ಲೋಟ ಅಂತ ನಿನಗೆ ಗೊತ್ತಾಗುತ್ತಲ್ಲ, ಹತ್ತು ಅಂತ ಬರೆದುಬಿಡು. ನಿನ್ನ ಗಂಟೇನು ಹೋಗುತ್ತೆ?" ಎಂದ ಅಣ್ಣ, ಅತ್ತಿಗೆಗೆ.

"ಗೊತ್ತಾಗೋದಕ್ಕೇ ಬರೆಯೋಕಾಗಲ್ಲ."

"ಹಟಮಾರಿ" ಎಂದಳು ಅಮ್ಮ. ನನಗೂ ಹಾಗೇ ಅನ್ನಿಸಿತು. ಇಷ್ಟು ವರ್ಷ ನಮ್ಮನ್ನೆಲ್ಲ ಸತಾಯಿಸಿದ ಮೂಗು ಒಂದು ದಿನ ಸುಳ್ಳು ಹೇಳಿದರೆ ಆಕಾಶ ಕಳಚಿ ಬೀಳುತ್ತದೆಯೇ? ಸಿಟ್ಟು ನೆತ್ತಿಗೇರಿತು.

ಬೆಳಗ್ಗೆ ಲೋಟಕ್ಕೆ ಸುರಿಯುವಾಗ ಮೊದಲ ಸಲ ಎರಡನ್ನೂ ಅಕ್ಕಪಕ್ಕ ಇಟ್ಟು ಮೂಸಿದೆ. ಹಾಪ್ಸ್ ಕಡಿಮೆಯಾಗಿದ್ದರೂ ಹೊಸದರಲ್ಲಿ ಕಿತ್ತಳೆ ಇತ್ತು. ಮಾದರಿಯಲ್ಲಿ ಮಳೆಗೆ ನೆನೆದ ರಟ್ಟಿನ ಪೆಟ್ಟಿಗೆ. ಮೂಗು ಕಟ್ಟಿದವನೂ ಹೇಳಬಹುದಿತ್ತು.

ಅತ್ತಿಗೆಯ ಹಾಳೆಯಲ್ಲಿ ನಾಲ್ಕನೇ ಲೋಟಕ್ಕೆ ಮೂರು ಅಂಕ. ಪಕ್ಕದಲ್ಲಿ, "ಹಾಪ್ಸ್ ಸತ್ತಿದೆ." ನಾಲ್ಕನೆಯದೇ ಮಾದರಿ.

ಮ್ಯಾನೇಜರ್ ಕೆಟ್ಟವನಲ್ಲ. ತಾನೇ ಬಂದು ನಿಂತ. "ಹದಿನಾರು ವರ್ಷದವರು, ಸುಮ್ಸುಮ್ನೆ ಕಳಿಸೋಕೆ ನಂಗೂ ಮನಸ್ಸಿಲ್ಲ. ಮಾದರಿ ಹಳಸಿದೆ ಅಂತ ಇನ್ನೊಬ್ಬರು ಯಾರಾದ್ರೂ ಹೇಳಲಿ, ಈಗಲೇ ಪೆಟ್ಟಿಗೆ ಬಿಸಾಕ್ತೀನಿ."

ನಾಲ್ವರೂ ಇಲ್ಲವೆಂದು ತಲೆಯಾಡಿಸಿದರು. ಅವರದು ಸುಳ್ಳಲ್ಲ, ಅವರ ಮೂಗೇ ಹಾಗಾಗಿತ್ತು. ಮ್ಯಾನೇಜರ್ ನನ್ನ ಕಡೆ ತಿರುಗಿದ. "ದಿನಾ ಸುರಿಯೋನು ನೀನು. ನೀನೇ ಹೇಳಪ್ಪ."

ಅತ್ತಿಗೆ ತಲೆ ತಗ್ಗಿಸಿ ಬ್ರೆಡ್ಡು ಅಗಿಯುತ್ತಿದ್ದರು. ನನ್ನತ್ತ ನೋಡಲಿಲ್ಲ. ಮನೆಯವನು ಮನೆಯವರ ಪರ ನಿಂತ ಅಂದುಬಿಟ್ಟರೆ? "ನಂಗೇನು ಗೊತ್ತಾಗುತ್ತೆ ಸಾರ್, ನಾನು ಲೋಟ ಇಡೋನು" ಎಂದೆ.

ಸಂಜೆ ಇಬ್ಬರೂ ಜೊತೆಯಲ್ಲೇ ನಡೆದು ಮನೆಗೆ ಹೊರಟೆವು. ನಾಳೆಯಿಂದ ಲೇಬಲ್ ವಿಭಾಗಕ್ಕೆ ಎಂಟು ಗಂಟೆಗೇ ಹೋಗಬೇಕು ಎಂದು ಅತ್ತಿಗೆ ಹೇಳಿದರು. ಏನಾದರೂ ಬೈಯಲಿ ಎಂದು ಕಾದೆ, ಬೈಯಲಿಲ್ಲ. ಕೊನೆಗೆ ತಡೆಯಲಾರದೆ ನಾನೇ ಬಾಯಿಬಿಟ್ಟೆ.

"ಅತ್ತಿಗೆ, ಇವತ್ತು ನಾನೂ ಮೂಸಿದೆ. ರಟ್ಟೇ. ನೆನೆದ ರಟ್ಟು."

ಅವರು ನಡುದಾರಿಯಲ್ಲೇ ನಿಂತರು.

"ಹಾಗಾದ್ರೆ ಅಲ್ಲಿ ನಾವಿಬ್ರು ಇದ್ವಲ್ಲೋ" ಎಂದರು.