ಟೀವಿಯ ಬಿಳಿ ಕುರಿ

ಬೀದರಿಗೆ ಬಂದ ಎಂಟನೇ ದಿನ ನನ್ನ ಮೊಮ್ಮಗಳು ಸುವರ್ಣಾ, ನಾನು ಜೀವಮಾನವೆಲ್ಲ ಸಾಕಿದ್ದು ಕುರಿಯೇ ಅಲ್ಲ ಎಂದಳು. ಟೀವಿ ಹಾಗೆ ಕಲಿಸಿತ್ತು.

ನಮ್ಮದು ಔರಾದ ಕಡೆಯ ಹಳ್ಳಿ. ಮಳೆ ಕೈಕೊಟ್ಟ ಎರಡನೇ ವರ್ಷ ಹಳ್ಳದಲ್ಲಿ ಕುರಿ ಕುಡಿಯುವಷ್ಟೂ ನೀರಿರಲಿಲ್ಲ. ಮೈದುನ ಹಿಂಡು ಹೊಡೆದುಕೊಂಡು ತೆಲಂಗಾಣದ ಕಡೆ ಹೋದ. ಮಗನಿಗೆ ಇಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಸಿಕ್ಕಿತು, ನಾವೂ ಬಂದೆವು. ಇರುವುದು ಒಂದೇ ಖೋಲಿ. ಊರಲ್ಲಿ ಕುರಿಗಳೂ ಇದಕ್ಕಿಂತ ಅಗಲವಾಗಿ ಮಲಗುತ್ತಿದ್ದವು. ನೀರು ನಾಲ್ಕು ದಿನಕ್ಕೊಮ್ಮೆ. ರೊಟ್ಟಿ ಬಡಿದರೆ ಮೇಲಿನಿಂದ ಮನೆಯೊಡತಿ 'ಆಹಿಸ್ತಾ' ಎಂದು ಕೂಗುತ್ತಾಳೆ. ಮೆಲ್ಲಗೆ ಅಂತ ಅರ್ಥ. ಮೆಲ್ಲಗೆ ಬಡಿದ ರೊಟ್ಟಿಯನ್ನು ಅವಳೇ ತಿನ್ನಲಿ. ಇದಕ್ಕೆಲ್ಲ ಹೊಂದಿಕೊಂಡೆ. ಟೀವಿಗೆ ಮಾತ್ರ ಹೊಂದಿಕೊಳ್ಳಲಾಗಲಿಲ್ಲ.

ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಹುಡುಗಿಯ ಜೊತೆ ಕೂತು ಮಕ್ಕಳ ಪಾಠ ನೋಡುತ್ತಿದ್ದೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು, ಈಗಲಾದರೂ ಕಲಿಯೋಣ ಎಂದು. ಅಲ್ಲಿನ ಮಕ್ಕಳೆಲ್ಲ ಹಾಲಿನಲ್ಲಿ ಅದ್ದಿ ತೆಗೆದಂತೆ. ಕುರಿಗಳು ಹಿಂಜಿದ ಹತ್ತಿಯಂತೆ ಬಿಳಿ; ನಮ್ಮ ಹಿಂಡಿನವೆಲ್ಲ ಕರಿ. ನಮ್ಮ ಹಾಗೆ ಮಾತಾಡುವವರು ಒಬ್ಬರೂ ಇಲ್ಲ. ಕಂಬಳಿ ಹೊದ್ದವನು ಒಬ್ಬನಿದ್ದ; ಅವನಿಗೆ ಹತ್ತರ ತನಕ ಎಣಿಸಲು ಬಾರದು, ಮಕ್ಕಳು ನಕ್ಕು ನಕ್ಕು ಕಲಿಸುತ್ತಾರೆ. ನನಗೆ ಉಗುಳಬೇಕೆನಿಸಿತು. ನಮ್ಮಲ್ಲಿ ಹಟ್ಟಿಯ ಬಾಗಿಲಲ್ಲಿ ನಿಂತು ಜೋಡಿ ಜೋಡಿಯಾಗಿ ಎಣಿಸುತ್ತೇವೆ, ಇಪ್ಪತ್ತಕ್ಕೊಂದು ಹರಳು ಉಡಿಗೆ ಹಾಕುತ್ತೇವೆ. ಲೆಕ್ಕ ತಪ್ಪಿದರೆ ತೋಳಕ್ಕೆ ಲಾಭ.

ಹುಡುಗಿಯನ್ನು ಇಲ್ಲಿನ ಸಾಲೆಗೆ ಸೇರಿಸಿದ ಮೇಲೆ ಒಂದು ದಿನ ಸಾಲೆಯವರು ರಟ್ಟಿನ ಮೇಲೆ ಕುರಿ ಮಾಡಿ ತರಲು ಹೇಳಿದರು. ನನ್ನ ಗಂಟಿನಲ್ಲಿ ನಮ್ಮದೇ ಹಿಂಡಿನ ಕರಿ ಉಣ್ಣೆ ಇತ್ತು. ಗಂಜಿ ಹಚ್ಚಿ ಅಂಟಿಸಿಕೊಟ್ಟೆ. ಸಂಜೆ ಹುಡುಗಿ ಅಳುತ್ತ ಬಂದಳು. ಎಲ್ಲರೂ ಕರಡಿ ಎಂದು ನಕ್ಕರಂತೆ. ಟೀಚರು ಹತ್ತಿಯಲ್ಲಿ ಮತ್ತೊಂದು ಮಾಡಲು ಹೇಳಿದರಂತೆ. ಉಣ್ಣೆ ಮುಟ್ಟಿದ ಕೈಯನ್ನು ಹುಡುಗಿ ಸಾಬೂನು ಹಚ್ಚಿ ಎರಡು ಸಲ ತೊಳೆದಳು.

"ಆಯಿ, ನೀ ಸಾಲಿಗಿ ಬರಬ್ಯಾಡ. ಕಂಬಳಿ ಹೊತ್ಕೊಂಡಂತೂ ಬರಲೇಬ್ಯಾಡ."

ಮರುದಿನ ಕಂಬಳಿ ಹೊದ್ದೇ ಹೋದೆ.

"ಟೀವ್ಯಾಗ ತೋರಿಸಿದಂಗ ಮಾಡ್ರಿ ಅಂದಿದ್ವಿರಿ, ಆಯಿ," ಎಂದರು ಟೀಚರು.

"ನಿಮ್ದು ಯಾವ ಊರ್ರಿ?"

"ಭಾಲ್ಕಿರಿ."

"ಭಾಲ್ಕ್ಯಾಗ ಇಂಥಾ ಬಿಳಿ ಕುರಿ ಎಷ್ಟು ನೋಡೀರಿ?"

ಆಕೆ ಗೋಡೆಯ ಮೇಲಿನ ಬಿಳಿ ಕುರಿಯ ಚಿತ್ರ ನೋಡಿದರು. "ಒಂದೂ ನೋಡಿಲ್ರಿ. ಆದ್ರ ಮ್ಯಾಲಿನ ಸಾಹೇಬ್ರು ಬಂದು ನೋಡ್ತಾರಲ್ರಿ."

"ಅವರಿಗಿ ಒಂದು ಕರೀದು ತೋರಸ್ರಿ. ಕಚ್ಚಂಗಿಲ್ಲ."

ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಹತ್ತಿರ ಬರಲಿಲ್ಲ.

ಅಂದು ಸಂಜೆ ಅವಳೇ ಕೂತು ಎರಡು ಕುರಿ ಮಾಡಿದಳು. ಹತ್ತಿಯದನ್ನು ಚೀಲದಲ್ಲಿಟ್ಟು, ಉಣ್ಣೆಯದನ್ನು ನನ್ನ ಕೈಗೆ ಕೊಟ್ಟಳು.

"ಅದು ಸಾಲೀದು. ಇದು ನಿಂದು."

ನಮ್ದು ಅನ್ನಲಿಲ್ಲ. ಫೋನಿನಲ್ಲಿ ಊರವರು ನನ್ನನ್ನು ಬೀದರದಾಕಿ ಎನ್ನುತ್ತಾರೆ. ಇಲ್ಲಿ ಮನೆಯೊಡತಿ ಔರಾದವಾಲಿ ಎನ್ನುತ್ತಾಳೆ. ನನಗೆ ನಡೆಯುತ್ತದೆ, ಮುದುಕಿ ನಾನು. ಹುಡುಗಿಗೆ ಇನ್ನೂ ಏಳು ವರ್ಷ.

ಕರಿ ಕುರಿಯನ್ನು ಟೀವಿಯ ತಲೆಯ ಮೇಲೆ ನಿಲ್ಲಿಸಿದ್ದೇನೆ. ಅವಳು ಟೀವಿ ನೋಡುವಾಗ ಅದು ಅವಳನ್ನು ನೋಡುತ್ತಿರಲಿ.