‘ಆಚೆಯವರು’ ಎಂಬ ಪದಕ್ಕೆ ನಾನು ಬರೆದ ಸುಳ್ಳು ಚರಿತ್ರೆ

ಎಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಒಬ್ಬರು ನನಗೆ ಕಾಗದ ಹಾಕಿದರು. ಕನ್ನಡದ ವೈಜ್ಞಾನಿಕ ಕಥೆಗಳ ಮೇಲೆ ಅವರು ಲೇಖನ ಬರೆಯುತ್ತಿದ್ದರಂತೆ. ಬೇರೆ ಗ್ರಹದಿಂದ ಇಳಿದು ಬರುವವರನ್ನು ನಾಲ್ಕಾರು ಕಥೆಗಾರರು ‘ಆಚೆಯವರು’ ಎಂದು ಕರೆಯುತ್ತಿದ್ದಾರೆ, ಹಿಂದಕ್ಕೆ ಹುಡುಕುತ್ತಾ ಹೋದರೆ ಮೊದಲು ಸಿಗುವುದು ನಿಮ್ಮ ಕಥೆ, ಈ ಪದ ನಿಮಗೆ ಹೊಳೆದದ್ದು ಹೇಗೆ ಎಂದು ಕೇಳಿದ್ದರು. ‘ಸ್ವಂತ ಕಲ್ಪನೆ’ ಎಂದು ಒಂದು ಕಾರ್ಡಿನಲ್ಲಿ ಗೀಚಿ ಅಂಚೆಗೆ ಹಾಕಿದೆ. ಅದು ಹಾಗೆಯೇ ಅಚ್ಚಾಯಿತು. ಶುದ್ಧ ಸುಳ್ಳು. ಆ ಪದವನ್ನು ನಾನು ಒಬ್ಬ ಹೆಂಗಸಿನ ಬಾಯಿಂದ ಎತ್ತಿಕೊಂಡಿದ್ದೆ, ಕೇಳದೆ.

ಎಪ್ಪತ್ತರ ದಶಕದಲ್ಲಿ ನಾನು ಗಡಿಯಾಚೆ ತಮಿಳುನಾಡಿಗೆ ಸೇರಿದ ಜೀರಹಳ್ಳಿಯ ಕಡೆ ಒಂದು ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಒಂದೇ ಕೋಣೆ, ಐದು ತರಗತಿ, ಹೆಡ್‌ಮಾಸ್ಟರನ್ನೂ ಸೇರಿಸಿ ಇಬ್ಬರು ಮೇಷ್ಟ್ರು. ಹೆಂಚು ಸೋರುವ ಆ ಕೋಣೆಯಲ್ಲಿ ಕೂತು ನಾನು ನಕ್ಷತ್ರಗಳ ಮೇಲೆ ಕಥೆ ಬರೆಯುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹೆಡ್‌ಮಾಸ್ಟರು ಛೇಡಿಸುತ್ತಿದ್ದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಕಥೆಯೇನೋ ಮುಗಿಯುತ್ತಾ ಬಂದಿತ್ತು, ಬಂದಿಳಿದವರಿಗೆ ಹೆಸರಿರಲಿಲ್ಲ. ‘ಅನ್ಯಗ್ರಹ ಜೀವಿಗಳು’ ಎಂದು ಬರೆದರೆ ಪಾಠಪುಸ್ತಕದ ವಾಸನೆ ಹೊಡೆಯುತ್ತಿತ್ತು. ರಾಕ್ಷಸರು ಎಂದರೆ ಪುರಾಣವಾಗಿಬಿಡುತ್ತಿತ್ತು. ಶಾಲೆಯ ಕಸ ಗುಡಿಸಲು ಕಾಡಿನ ಪೋಡಿನಿಂದ, ಅಂದರೆ ಕಾಡಿನವರ ಹಟ್ಟಿಯಿಂದ, ಒಬ್ಬ ಹೆಂಗಸು ದಿನಾ ಬರುತ್ತಿದ್ದಳು. ಅವಳ ಮಗಳು ನನ್ನ ಐದನೇ ತರಗತಿಯಲ್ಲಿದ್ದಳು. ಒಂದು ದಿನ ಆ ತಾಯಿ ಕಸಬರಿಕೆ ಹಿಡಿದೇ ಏನೋ ಹೇಳುತ್ತಾ, ‘ಆಚೆಯೋರು ಬಂದು ಬೇಲಿ ಆಕುದ್ರು’ ಎಂದಳು.

ಆಚೆಯೋರು ಅಂದರೆ ಯಾರು ಎಂದು ಕೇಳಿದೆ.

‘ಕಾಡ್ನಿಂದ ಆಚ್ಗ ಇರೋರೆಲ್ಲ ಆಚೆಯೋರೇ ಸಾ. ಗಾರ್ಡು, ಯಾಪಾರದೋರು, ಎಲ್ಲಾರೂವೆ.’

‘ನಾನು?’

‘ಇನ್ಯಾರು ಮತ್ತ?’ ಎಂದು ಹೇಳಿ ಮತ್ತೆ ಗುಡಿಸತೊಡಗಿದಳು.

ಅಂದೇ ಆ ಪದವನ್ನು ಕಥೆಗೆ ಹಾಕಿದೆ. ಒಂದಕ್ಷರ ತಿದ್ದಿ ಗ್ರಂಥಸ್ಥ ಮಾಡಿದೆ, ಅಷ್ಟೇ ನನ್ನ ಕಲ್ಪನೆ. ಪದ ತೆಗೆದುಕೊಂಡು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆ ಜೀವಿಗಳು ವಿಚಿತ್ರವಾಗಿ ಕಾಣಬೇಕಲ್ಲ, ಅದಕ್ಕೆ ಕಿಟಕಿಯಿಂದ ಹೊರಗೆ ನೋಡಿದೆ. ನನ್ನ ಆಚೆಯವರು ಗೆಡ್ಡೆ ಅಗೆದು ತಿನ್ನುತ್ತಿದ್ದರು. ಅವರ ಮೈಯಿಂದ ಹೊಗೆಯ ವಾಸನೆ ಬರುತ್ತಿತ್ತು. ಆನೆ ಎದುರಾದರೆ ನಿಂತು ಮಾತಾಡಿಸುತ್ತಿದ್ದರು. ಅವರು ಮುಟ್ಟಿದರೆ ಮನುಷ್ಯ ತನ್ನ ತಾಯಿಯ ಹೆಸರು ಮರೆಯುತ್ತಿದ್ದ. ಈ ಕೊನೆಯದೊಂದನ್ನು ಮಾತ್ರ ನಾನು ಯಾರಿಂದಲೂ ಕದ್ದಿರಲಿಲ್ಲ. ಅದೇ ಎಲ್ಲಕ್ಕಿಂತ ಕೆಟ್ಟದ್ದಾಯಿತು.

ಮಾಸಪತ್ರಿಕೆಯಲ್ಲಿ ಕಥೆ ಬಂತು. ಚಾಮರಾಜನಗರದ ಬಸ್ಸಿನಲ್ಲಿ ಬಂದ ಆ ಸಂಚಿಕೆ ಕೈಗೆ ಸಿಕ್ಕಾಗ ನನಗೆ ತಲೆಯ ಮೇಲೆ ಕೋಡು ಮೂಡಿತ್ತು. ತರಗತಿಯಲ್ಲಿ ಪೂರ್ತಿ ಓದಿ ಹೇಳಿದೆ. ಮರುದಿನವೇ ಮಕ್ಕಳು ಅಂಗಳದಲ್ಲಿ ಒಂದು ಗೆರೆ ಎಳೆದು ಆಚೆಯವರ ಆಟ ಶುರುಮಾಡಿದರು. ಮೊದಲೆರಡು ದಿನ ಸರದಿಯ ಮೇಲೆ ಎಲ್ಲರೂ ಗೆರೆಯ ಆಚೆಗೆ ಹೋದರು. ಆಮೇಲೆ ಪೋಡಿನ ಆ ಹುಡುಗಿಯೊಬ್ಬಳೇ. ಗೆಡ್ಡೆ ತಿನ್ನುವವಳು ಅವಳೇ ತಾನೆ, ಹೊಗೆ ವಾಸನೆ ಅವಳ ಲಂಗದ್ದೇ ತಾನೆ. ಮಕ್ಕಳು ದಡ್ಡರಲ್ಲ. ನಾನು ಬರೆಯುವಾಗ ಯಾರನ್ನು ನೋಡಿದ್ದೆನೋ ಅವಳನ್ನು ಸರಿಯಾಗಿಯೇ ಗುರುತು ಹಿಡಿದಿದ್ದರು.

ಆಟ ಮುಗಿದ ಮೇಲೂ ಗೆರೆ ಅಳಿಯಲಿಲ್ಲ. ಅವಳು ಕೊಟ್ಟ ಬಳಪವನ್ನು ಯಾರೂ ಮುಟ್ಟಲಿಲ್ಲ. ಕೂರುವ ಹಲಗೆಯ ಮೇಲೆ ಅವಳ ಪಕ್ಕ ಒಂದು ಮೊಳ ಜಾಗ ಖಾಲಿ ಬಿದ್ದಿತು. ನೀರಿನ ಗಡಿಗೆಯ ಹತ್ತಿರ ಹೋದರೆ, ‘ದೂರ ನಿಂತ್ಗ, ಅವ್ವನ್ ಎಸ್ರು ಮರ್ತೋಯ್ತದ’ ಎಂದು ಬೊಗಸೆಗೆ ಮೇಲಿನಿಂದ ಸುರಿದರು. ಇದನ್ನೆಲ್ಲ ನಾನು ನೋಡುತ್ತಿದ್ದೆ. ಮಕ್ಕಳಾಟ, ನಾಲ್ಕು ದಿನಕ್ಕೆ ಮರೆಯುತ್ತವೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಕಥೆ ಅಷ್ಟು ಬಲವಾಗಿ ಹಿಡಿದಿದೆ ಎಂದು ಒಳಗೊಳಗೇ ಖುಷಿಯೂ ಆಗಿತ್ತು.

ತಾಯಿ ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಬಾಗಿಲ ಬಳಿ ನಿಂತಳು. ಅವರ ಪೋಡಿನಿಂದ ಐದನೇ ತರಗತಿಗೆ ಬಂದವಳು ಅವಳ ಮಗಳೊಬ್ಬಳೇ. ಪಾಸಾದರೆ ತಾಳವಾಡಿಯಲ್ಲಿ ಹಾಸ್ಟೆಲಿಗೆ ಸೇರಿಸಬಹುದಿತ್ತು. ಕಾಡಿನ ಆಫೀಸಿನಿಂದ ಬರುವ ಕಾಗದಗಳನ್ನು ಓದಿ ಹೇಳಲು ತಮ್ಮವರೇ ಒಬ್ಬರು ಇರಬೇಕೆಂದು ಪೋಡಿನವರೆಲ್ಲ ಅವಳ ಮೇಲೆ ಕಣ್ಣಿಟ್ಟಿದ್ದರು.

‘ಇಸ್ಕೂಲ್ಗ ಓಗಲ್ಲ ಅಂತ ಅಳ್ತಳ ಸಾ’ ಎಂದಳು ತಾಯಿ. ‘ಆ ಮಾತ ನಾನು ನಿಮ್ಮೋರ್ಗ ಅಂದದ್ದು. ಅದು ನಮ್ ಮಗೀನ್ ಮ್ಯಾಲ ಎಂಗ ಬಂತು? ಕತ ಒಳಗ ಇರೋರು ಅವಳಲ್ಲ, ನಿಮ್ಮೋರೇ ಅಂತ ನೀವು ಒಂದ್ಸಲ ಮಕ್ಕಳ್ಗ ಏಳ್ಬುಡಿ. ಅಷ್ಟ್ ಸಾಕು.’

ಸೋಮವಾರ ಹೇಳುತ್ತೇನೆ ಎಂದೆ. ಹೇಳುವ ಮನಸ್ಸೂ ಇತ್ತು.

ಸೋಮವಾರ ಸತ್ಯಮಂಗಲದಿಂದ ಇನ್‌ಸ್ಪೆಕ್ಟರು ಬಂದರು. ಹೇಳದೆ ಕೇಳದೆ ಬರುವುದು ಅವರ ಪದ್ಧತಿ. ಹೆಡ್‌ಮಾಸ್ಟರು ನನ್ನ ಕಥೆಯ ವಿಷಯ ತೆಗೆದರು, ಪತ್ರಿಕೆಯನ್ನೂ ತೋರಿಸಿದರು. ಇನ್‌ಸ್ಪೆಕ್ಟರಿಗೆ ಕನ್ನಡ ಅರ್ಧಂಬರ್ಧ ಬರುತ್ತಿತ್ತು. ಕಥೆಯ ಜೊತೆ ಅಚ್ಚಾಗಿದ್ದ ಚಿತ್ರ ನೋಡಿ ಖುಷಿಪಟ್ಟು, ‘ಯಾರಪ್ಪಾ ಈ ಆಚೆಯವರು? ನೀವು ನೋಡಿದೀರಾ?’ ಎಂದು ಮಕ್ಕಳನ್ನು ಕೇಳಿದರು.

ಮುಂದಿನ ಸಾಲಿನಿಂದ ಒಬ್ಬ ಎದ್ದು ಕೈ ತೋರಿಸಿದ. ‘ಇವ್ಳೇ ಸಾ.’

ಇಡೀ ತರಗತಿ ನಕ್ಕಿತು. ಇನ್‌ಸ್ಪೆಕ್ಟರು ಹೊಟ್ಟೆ ಕುಣಿಸಿಕೊಂಡು ನಕ್ಕರು. ದೊಡ್ಡವರು ನಗುವಾಗ ಚಿಕ್ಕವರು ಮುಖ ಗಂಟು ಹಾಕಿಕೊಂಡು ನಿಲ್ಲುವುದು ಕಷ್ಟ ಎಂದು ನಾನು ವರ್ಷಗಟ್ಟಲೆ ನನಗೇ ಸಮಾಧಾನ ಹೇಳಿಕೊಂಡಿದ್ದೇನೆ. ಹಾಗೇನೂ ಅಲ್ಲ. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ, ನಗು ತಾನಾಗಿ ಬಂತು. ಅವಳು ನಗುವವರನ್ನೆಲ್ಲ ಬಿಟ್ಟು ನನ್ನ ಮುಖವನ್ನೇ ನೋಡಿದಳು. ಸ್ಲೇಟನ್ನು ಚೀಲಕ್ಕೆ ಹಾಕಿ, ಚೀಲ ಹೆಗಲಿಗೇರಿಸಿ ಎದ್ದು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನಂತೂ ಬಾಯಿ ಬಿಟ್ಟು ಒಂದು ಮಾತನ್ನೂ ಆಡಿರಲಿಲ್ಲ.

ಮರುದಿನದಿಂದ ತಾಯಿಯೂ ಗುಡಿಸಲು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ ನಾನು ಗೈರು ಎಂದು ಹಾಕುತ್ತಾ ಹೋದೆ. ಇವತ್ತು ಬಂದಾಳು, ನಾಳೆ ಬಂದಾಳು ಎಂದು ಮೂರು ವಾರ ತಳ್ಳಿದೆ. ಪರೀಕ್ಷೆ ಹತ್ತಿರ ಬಂದು, ಹೆಸರು ಹೊಡೆದುಹಾಕುತ್ತೇನೆ ಎಂದು ಹೆಡ್‌ಮಾಸ್ಟರು ಹೇಳಿದ ಮೇಲೆ ಪೋಡಿಗೆ ಹೊರಟೆ.

ಅವಳು ಗುಡಿಸಲ ಮುಂದೆ ತಾಯಿಯ ಜೊತೆ ಬುಟ್ಟಿ ಹೆಣೆಯಲು ಲಂಟಾನ ಕಡ್ಡಿಯ ಸಿಪ್ಪೆ ಸುಲಿಯುತ್ತಿದ್ದಳು. ನನ್ನನ್ನು ನೋಡಿ ತಾಯಿ ಏಳಲಿಲ್ಲ. ನಾನು ನಿಂತೇ ಹೇಳಿದೆ: ತಪ್ಪಾಯಿತು, ನಾಳೆ ಎಲ್ಲರ ಎದುರು ಹೇಳುತ್ತೇನೆ, ಇನ್ನು ಯಾರೂ ಹಾಗೆ ಕರೆಯುವುದಿಲ್ಲ, ಪರೀಕ್ಷೆ ಬರೆ, ತಾಳವಾಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಹುಡುಗಿ ಕಡ್ಡಿಯಿಂದ ಕಣ್ಣೆತ್ತಲಿಲ್ಲ. ‘ನೀವೂ ನಗಾಡುದ್ರಿ ಸಾ’ ಎಂದಳು.

ತಾಯಿಯ ಕಡೆ ತಿರುಗಿದೆ. ಅವಳಾದರೂ ಒಂದು ಮಾತು ಹೇಳಿಯಾಳು ಎಂದು ಕಾದೆ. ಅವಳು ಸುಲಿದ ಕಡ್ಡಿಗಳನ್ನು ಒಟ್ಟುಮಾಡಿ ಕಟ್ಟು ಕಟ್ಟಿದಳು. ‘ಒತ್ತಾಯ್ತದ, ಆನೆ ದಾರಿ. ಓಗಿ ಸಾ’ ಎಂದಳು. ಅಷ್ಟಾದ ಮೇಲೂ ನನ್ನ ಜೀವದ ಚಿಂತೆ ಅವಳಿಗಿತ್ತು.

ಮಾರನೆಯ ದಿನ ತರಗತಿಯಲ್ಲಿ ಎಲ್ಲವನ್ನೂ ಹೇಳಿದೆ. ಪದ ಯಾರದ್ದು, ಯಾರನ್ನು ಕುರಿತದ್ದು, ನಾನು ಮಾಡಿದ್ದೇನು, ಯಾವುದನ್ನೂ ಬಿಡಲಿಲ್ಲ. ಮಕ್ಕಳು ಕೈಕಟ್ಟಿ ಕೂತು ಕೇಳಿದರು. ಅರ್ಥವಾಯಿತೇ ಎಂದು ಕೇಳಿದ್ದಕ್ಕೆ ಎಲ್ಲರೂ ಒಟ್ಟಿಗೆ ‘ಊ ಸಾ’ ಎಂದರು. ಆ ಮಾತು ಕೇಳಿಸಬೇಕಾಗಿದ್ದವಳು ಅಲ್ಲಿರಲಿಲ್ಲ. ಆ ವಾರವೇ ಹೆಡ್‌ಮಾಸ್ಟರು ಅವಳ ಹೆಸರು ಹೊಡೆದುಹಾಕಿದರು, ರುಜು ನನ್ನಿಂದಲೇ ಹಾಕಿಸಿದರು.